ಬರಿಗಾಲಿನ ಹಾವಾಡಿಗ: ಬೆಂಗಳೂರಿನ ಅಹ್ಮದ್ ಖಾನ್

1952ರ ಜುಲೈ 15. ಫಿನ್ಲೆಂಡ್ ದೇಶದ ರಾಜಧಾನಿ ಹೆಲ್ಸಿಂಕಿಯ ಟೋಲೊ ಮೈದಾನದಲ್ಲಿ ಒಲಿಂಪಿಕ್ ಫುಟ್ಬಾಲ್ ಪಂದ್ಯವೊಂದು ಕೊನೆಯ ನಿಮಿಷಗಳನ್ನು ಎಣಿಸುತ್ತಿತ್ತು. ಒಂದು ಕಡೆ ಯುಗೋಸ್ಲಾವಿಯಾ, ಇನ್ನೊಂದು ಕಡೆ ಭಾರತ. ಭಾರತದ ಸೋಲು ಮಧ್ಯಂತರದ ಹೊತ್ತಿಗೇ ನಿಶ್ಚಯವಾಗಿತ್ತು. ಎದುರಾಳಿಗಳು ಮನಬಂದಂತೆ ಗೋಲು ಹೊಡೆದಿದ್ದರು. ಅಂಥ ಹೊತ್ತಿನಲ್ಲಿ, 89ನೇ ನಿಮಿಷದಲ್ಲಿ, ಭಾರತದ ಆಟಗಾರರೊಬ್ಬರು ಚೆಂಡನ್ನು ಯುಗೋಸ್ಲಾವಿಯಾದ ಗೋಲಿನೊಳಕ್ಕೆ ತಲುಪಿಸಿದರು. ಪಂದ್ಯ 10-1ರಲ್ಲಿ ಮುಗಿಯಿತು.

ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಹತ್ತು ಗೋಲುಗಳ ಸೋಲನ್ನು ದೇಶ ದಶಕಗಳ ಕಾಲ ನೆನಪಿಟ್ಟುಕೊಂಡಿತು. ಆ ಒಂದು ಗೋಲನ್ನು, ಅದನ್ನು ಹೊಡೆದವರ ಊರನ್ನು ನೆನಪಿಟ್ಟುಕೊಂಡವರು ಕಡಿಮೆ. ಸ್ವತಃ ಬೆಂಗಳೂರಿಗೇ ಅದು ಮರೆತುಹೋಗಿತ್ತು ಎಂದರೆ ತಪ್ಪಾಗಲಾರದು. ಕಲ್ಕತ್ತದಲ್ಲಿ ಮಾತ್ರ ಹಾಗಾಗಲಿಲ್ಲ. ಅಲ್ಲಿನ ಹಳೆಯ ತಲೆಮಾರಿನ ಫುಟ್ಬಾಲ್ ಪ್ರೇಮಿಗಳಿಗೆ ಅಹ್ಮದ್ ಖಾನ್ ಎಂಬ ಹೆಸರು ಮನೆಮಾತು.

ಅಹ್ಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು. ಅಂದಿನ ಬೆಂಗಳೂರು ಒಂದೇ ಹೆಸರಿನ ಎರಡು ಊರಾಗಿತ್ತು. ಪಶ್ಚಿಮಕ್ಕೆ ಮೈಸೂರು ಮಹಾರಾಜರ ಆಡಳಿತಕ್ಕೆ ಸೇರಿದ ಪೇಟೆ. ಪೂರ್ವಕ್ಕೆ ಬ್ರಿಟಿಷರ ನೇರ ಆಡಳಿತದಲ್ಲಿದ್ದ ದಂಡು ಪ್ರದೇಶ, ಅಂದರೆ ಕಂಟೋನ್ಮೆಂಟ್. ಇಂದು ಕೆಂಗೇರಿಯಲ್ಲಿ ಮೆಟ್ರೊ ಹತ್ತಿದವರು ಅದೇ ನೇರಳೆ ಮಾರ್ಗದಲ್ಲಿ ಮಹಾತ್ಮ ಗಾಂಧಿ ರಸ್ತೆಯಲ್ಲಿ ಇಳಿದು ಫುಟ್ಬಾಲ್ ಕ್ರೀಡಾಂಗಣದ ಕಡೆಗೆ ನಡೆದುಹೋಗಬಹುದು. ಈ ಸೌಕರ್ಯ ಬಂದದ್ದು 2021ರಲ್ಲಿ. ಅಹ್ಮದ್ ಖಾನರ ಬಾಲ್ಯದಲ್ಲಿ ಕೆಂಗೇರಿಯೆಂದರೆ ಮೈಸೂರು ರೈಲು ಮಾರ್ಗದ ಮೇಲಿದ್ದ ಪ್ರತ್ಯೇಕ ಸಣ್ಣ ಊರು. ಪಶ್ಚಿಮದವರಿಗೆ ಗರಡಿ ಮನೆ, ಕುಸ್ತಿಗಳು ಪರಿಚಿತ. ಫುಟ್ಬಾಲ್ ಪೂರ್ವದ ದಂಡಿನ ಆಟ.

ದಂಡಿನಲ್ಲಿ ಗೋರಾ ಪಲ್ಟನ್‌ಗಳಿದ್ದವು. ಪಲ್ಟನ್ ಇದ್ದಲ್ಲಿ ಮೈದಾನ, ಮೈದಾನ ಇದ್ದಲ್ಲಿ ಕಾಲ್ಚೆಂಡು. ಸಿಪಾಯಿಗಳು ಬೂಟು ಹಾಕಿಕೊಂಡು ಆಡುವುದನ್ನು ಬೇಲಿಯಾಚೆ ನಿಂತು ನೋಡಿದ ಅಡುಗೆಯವರ, ಮಾಲಿಗಳ, ಜಟಕಾದವರ, ದರ್ಜಿಗಳ ಮಕ್ಕಳು ಸಂಜೆ ಅದೇ ಆಟವನ್ನು ಗಟ್ಟಿ ಕೆಂಪು ನೆಲದ ಮೇಲೆ ಬರಿಗಾಲಿನಲ್ಲಿ ಆಡಿದರು. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರು, ಗೌತಮಪುರ ಮುಂತಾದ ಬಡಾವಣೆಗಳಿಗೆ ಫುಟ್ಬಾಲ್ ಹುಚ್ಚು ಹತ್ತಿದ್ದು ಹೀಗೆ. ತಮಿಳರು, ಉರ್ದು ಮಾತಾಡುವ ಮುಸಲ್ಮಾನರು, ಆಂಗ್ಲೊ-ಇಂಡಿಯನ್ನರು, ಕನ್ನಡಿಗರು ಎಲ್ಲರೂ ಕೂಡಿ ಆಡಿದ ಆಟವಿದು.

ಅಹ್ಮದ್ ಖಾನರ ಪಾಲಿಗೆ ಆಟ ಮನೆಯಲ್ಲೇ ಇತ್ತು. ತಂದೆ ಬಾಬಾ ಖಾನ್ ಫುಟ್ಬಾಲ್ ಆಟಗಾರರು. ಸಹೋದರರೂ ಅದೇ ಹಾದಿ ಹಿಡಿದವರು. ಮನೆಯಿಂದ ಮೈದಾನಕ್ಕೆ, ಮೈದಾನದಿಂದ ಮನೆಗೆ ಎಂಬಂತಿದ್ದ ಆ ಕುಟುಂಬದ ಹುಡುಗನಿಗೆ ಎದುರಿಗೆ ಕಾಣುತ್ತಿದ್ದ ಆದರ್ಶವೂ ದೂರದ್ದಾಗಿರಲಿಲ್ಲ. ಬೆಂಗಳೂರು ಮುಸ್ಲಿಮ್ಸ್ ಎಂಬ ಸ್ಥಳೀಯ ತಂಡ 1937ರಲ್ಲಿ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದುಬಂದಿತ್ತು. 1891ರಿಂದ ನಡೆಯುತ್ತಿದ್ದ ಆ ಪಂದ್ಯಾವಳಿಯನ್ನು ಅಲ್ಲಿಯವರೆಗೆ ಬ್ರಿಟಿಷ್ ಸೇನಾ ತಂಡಗಳೇ ಗೆಲ್ಲುತ್ತಿದ್ದವು. ಆ ಸಾಲನ್ನು ಮುರಿದದ್ದು ಕಲ್ಕತ್ತದ ಹೆಸರಾಂತ ಕ್ಲಬ್ಬುಗಳಲ್ಲ, ಬೆಂಗಳೂರಿನ ಹುಡುಗರು. ಅಂತಿಮ ಪಂದ್ಯದಲ್ಲಿ ಅವರು ಸೋಲಿಸಿದ್ದು ಅಂದು ಕಲ್ಕತ್ತ ಲೀಗನ್ನು ಸತತವಾಗಿ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು. ಆಗ ಅಹ್ಮದ್ ಖಾನರಿಗೆ ಹನ್ನೆರಡು ವರ್ಷವೂ ತುಂಬಿರಲಿಲ್ಲ. ಮುಂದೆ ಅವರು ಇದೇ ಬೆಂಗಳೂರು ಮುಸ್ಲಿಮ್ಸ್ ತಂಡದ ಪರವಾಗಿ ಆಡಿದರು.

ಅವರು ಆಡುತ್ತಿದ್ದ ಸ್ಥಾನದ ಹೆಸರು ಇನ್‌ಸೈಡ್ ಲೆಫ್ಟ್. ಈಗಿನ ಪ್ರೇಕ್ಷಕರಿಗೆ ಈ ಹೆಸರು ಅಪರಿಚಿತವಾದೀತು. ಅಂದಿನ ಪದ್ಧತಿಯಲ್ಲಿ ತಂಡವೊಂದು ಇಬ್ಬರು ಬ್ಯಾಕ್, ಮೂವರು ಹಾಫ್, ಐವರು ಫಾರ್ವರ್ಡ್ ಎಂದು ನಿಲ್ಲುತ್ತಿತ್ತು. ಮುಂದಿನ ಐವರಲ್ಲಿ ನಡುವಿನವನಿಗೂ ಅಂಚಿನವನಿಗೂ ಮಧ್ಯೆ ಇರುವ ಎಡಗಡೆಯ ಆಟಗಾರನೇ ಇನ್‌ಸೈಡ್ ಲೆಫ್ಟ್. ಹಿಂದಕ್ಕೆ ಇಳಿದು ಹಾಫ್‌ಗಳಿಂದ ಚೆಂಡನ್ನು ಪಡೆಯುವುದು, ಎದುರಾಳಿಗಳ ನಡುವೆ ದಾರಿ ಮಾಡಿಕೊಂಡು ಅದನ್ನು ಮುಂದಿನವರಿಗೆ ಒಪ್ಪಿಸುವುದು, ಅವಕಾಶ ಸಿಕ್ಕರೆ ತಾನೇ ಹೊಡೆಯುವುದು ಅವನ ಕೆಲಸ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಆಕ್ರಮಣಕಾರಿ ಮಿಡ್‌ಫೀಲ್ಡರ್. ಗೋಲು ಹೊಡೆದವನಿಗೆ ಚಪ್ಪಾಳೆ ಸಿಗುವ ಆಟದಲ್ಲಿ ಗೋಲು ಹೊಡೆಸುವವನ ಪಾತ್ರವಿದು.

ಈ ಪಾತ್ರಕ್ಕೆ ಬೇಕಾದದ್ದು ಚೆಂಡಿನ ಮೇಲಿನ ಹಿಡಿತ. ಅಹ್ಮದ್ ಖಾನರ ಹಿಡಿತ ಕಂಡವರು ಅವರಿಗೆ ಹಾವಾಡಿಗನೆಂಬ ಬಿರುದು ಕೊಟ್ಟರು. ಬರಿಗಾಲಿನ ಆಟದಲ್ಲಿ ಹೆಬ್ಬೆರಳು, ಅಂಗಾಲು, ಪಾದದ ಒಳಮೈ ಎಲ್ಲವೂ ಚೆಂಡನ್ನು ಮುಟ್ಟಿ ತಿಳಿಯುತ್ತವೆ. ಅಂದಿನ ಬೂಟುಗಳೋ ಕಣಕಾಲು ಮುಚ್ಚುವ, ತೂಕದ, ಗಡುಸು ಚರ್ಮದ ಬೂಟುಗಳು. ಅವನ್ನು ಹಾಕಿಕೊಂಡವರು ಬಲವಾಗಿ ಹೊಡೆಯಬಲ್ಲರು, ಥಟ್ಟನೆ ತಿರುಗಲಾರರು. ಬರಿಗಾಲಿನವನು ಒಂದು ಮಾರು ಜಾಗದಲ್ಲಿ ಮೂರು ಸಲ ದಿಕ್ಕು ಬದಲಿಸಬಲ್ಲ. ಒಣಗಿದ ಗಟ್ಟಿ ನೆಲದ ಮೇಲೆ ಇದೊಂದು ವರವೇ ಸರಿ.

ಆದರೆ ಮಳೆ ಬಂದರೆ ಕಥೆ ಬೇರೆ. ನೆನೆದ ಹುಲ್ಲಿನ ಮೇಲೆ ಬರಿಗಾಲು ಜಾರುತ್ತದೆ. ನೀರು ಕುಡಿದ ಚರ್ಮದ ಚೆಂಡು ಕಲ್ಲಿನಂತಾಗುತ್ತದೆ. ಮೊಹಮ್ಮಡನ್ ಸ್ಪೋರ್ಟಿಂಗ್ ತಂಡ ಮೂವತ್ತರ ದಶಕದಲ್ಲಿ ಕಲ್ಕತ್ತ ಲೀಗನ್ನು ಆಳಿದ್ದಕ್ಕೆ ಒಂದು ಕಾರಣ, ಒದ್ದೆ ಮೈದಾನದಲ್ಲಿ ಅದರ ಆಟಗಾರರು ಬೂಟು ಧರಿಸುತ್ತಿದ್ದುದು. ಅಹ್ಮದ್ ಖಾನರ ವೃತ್ತಿಜೀವನದ ಎತ್ತರವೂ ಮಿತಿಯೂ ಎರಡೂ ಈ ಬರಿಗಾಲಿಗೇ ಸಂಬಂಧಪಟ್ಟವು.

1948ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರಿಗೆ ಲಂಡನ್ ಒಲಿಂಪಿಕ್ಸ್‌ಗೆ ಕರೆ ಬಂತು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ತಂಡವದು. ನಾಯಕರು ನಾಗಾ ನಾಡಿನ ತಾಲಿಮೆರೆನ್ ಆವೊ, ಉಪನಾಯಕರು ಬಂಗಾಳದ ಶೈಲೇನ್ ಮನ್ನಾ. ಬೆಂಗಳೂರಿನಿಂದ ಅಹ್ಮದ್ ಖಾನರೊಂದಿಗೆ ಸಾರಂಗಪಾಣಿ ರಾಮನ್ ಇದ್ದರು. ಬರ್ಮಾ ತಂಡ ಹಿಂದೆ ಸರಿದ ಕಾರಣ ಭಾರತಕ್ಕೆ ನೇರವಾಗಿ ಎದುರಾದದ್ದು ಫ್ರಾನ್ಸ್. ಜುಲೈ 31ರಂದು ಲಂಡನ್ ಹೊರವಲಯದ ಇಲ್‌ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ಪಂದ್ಯ. ಹನ್ನೊಂದು ಮಂದಿಯಲ್ಲಿ ಎಂಟು ಮಂದಿ ಬರಿಗಾಲಿನವರು. ಕೆಲವರ ಪಾದಕ್ಕೆ ಪಟ್ಟಿ ಸುತ್ತಿದ್ದಿತು, ಅಷ್ಟೆ. ಸಾವಿರಾರು ಇಂಗ್ಲಿಷ್ ಪ್ರೇಕ್ಷಕರು ಆ ಕಾಲುಗಳನ್ನು ನೋಡಲೆಂದೇ ಬಂದಂತಿತ್ತು.

ನೋಡಿದವರು ನಿರಾಶರಾಗಲಿಲ್ಲ. ಫ್ರಾನ್ಸ್ 30ನೇ ನಿಮಿಷದಲ್ಲಿ ಮುನ್ನಡೆ ಪಡೆಯಿತು. 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ ಫುಟ್ಬಾಲಿನಲ್ಲಿ ಸಿಕ್ಕ ಮೊದಲ ಗೋಲು ಹೀಗೆ ಬೆಂಗಳೂರಿನವರದ್ದಾಯಿತು. ಭಾರತಕ್ಕೆ ಎರಡು ಪೆನಾಲ್ಟಿಗಳೂ ದೊರೆತವು. ಎರಡೂ ಕೈತಪ್ಪಿದವು! ಕೊನೆಗೆ 89ನೇ ನಿಮಿಷದಲ್ಲಿ ಫ್ರಾನ್ಸಿನ ಪೆರ್ಸಿಯೊಂ ಹೊಡೆದ ಗೋಲು ಪಂದ್ಯವನ್ನು 2-1ಕ್ಕೆ ಮುಗಿಸಿತು. ಸೋತ ತಂಡಕ್ಕೆ ಪ್ರೇಕ್ಷಕರು ಎದ್ದು ನಿಂತು ಗೌರವ ತೋರಿದರು. ಹನ್ನೆರಡು ದಿನಗಳ ನಂತರ ವೆಂಬ್ಲಿಯಲ್ಲಿ ಭಾರತದ ಹಾಕಿ ತಂಡ ಬ್ರಿಟನ್ನನ್ನು 4-0ರಿಂದ ಮಣಿಸಿ ಚಿನ್ನ ಗೆದ್ದಾಗ ಫುಟ್ಬಾಲಿನ ಸುದ್ದಿ ಹಿಂದಕ್ಕೆ ಸರಿಯಿತು.

ಆದರೆ ತಂಡ ತಕ್ಷಣ ಊರಿಗೆ ಮರಳಲಿಲ್ಲ. ಹಾಲೆಂಡಿಗೆ ಹೋಗಿ ಅಲ್ಲಿನ ಹೆಸರಾಂತ ಅಯಾಕ್ಸ್ ಕ್ಲಬ್ಬನ್ನು 5-1ರಿಂದ ಸೋಲಿಸಿತು. ಇಂದು ಯುರೋಪಿನ ಫುಟ್ಬಾಲನ್ನು ರಾತ್ರಿ ಎದ್ದು ಕುಳಿತು ನೋಡುವ ಹುಡುಗರಿಗೆ ಈ ಅಂಕಿಯನ್ನು ಹೇಳಿದರೆ ನಂಬುವುದು ಕಷ್ಟ.

ಇಷ್ಟಾದರೂ ಯಾವ ಯುರೋಪಿಯನ್ ಕ್ಲಬ್ಬಿಗೂ ಭಾರತೀಯ ಆಟಗಾರರನ್ನು ಕರೆದುಕೊಳ್ಳುವ ಯೋಚನೆ ಬರಲಿಲ್ಲವೇಕೆ? ಹಿಂದೆ ಒಮ್ಮೆ ಅದಕ್ಕೆ ಸಮೀಪದ ಘಟನೆ ನಡೆದಿತ್ತು. 1936ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್‌ನ ಮೊಹಮ್ಮದ್ ಸಲೀಂ ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ಬಿಗಾಗಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ಎರಡು ಪಂದ್ಯ ಆಡಿ ಅಲ್ಲಿನವರನ್ನು ಬೆರಗುಗೊಳಿಸಿದ್ದರು. ಊರಿನ ನೆನಪು ಕಾಡಿ ಅವರು ಕಲ್ಕತ್ತಕ್ಕೆ ಮರಳಿಬಿಟ್ಟರು. ಆಮೇಲೆ ಯುದ್ಧ ಬಂತು, ಸ್ವಾತಂತ್ರ್ಯ ಬಂತು. ವಿದೇಶದಲ್ಲಿ ವೃತ್ತಿಪರನಾಗಿ ಸಹಿ ಹಾಕಿದವನಿಗೆ ಒಲಿಂಪಿಕ್ಸ್‌ನ ಬಾಗಿಲು ಮುಚ್ಚುತ್ತಿದ್ದ ಕಾಲವದು. ಅಂದು ಒಲಿಂಪಿಕ್ಸ್ ಹವ್ಯಾಸಿಗಳಿಗೆ ಮಾತ್ರ. ಬೈಚುಂಗ್ ಭುಟಿಯಾ ಇಂಗ್ಲೆಂಡಿನ ಬರಿ ಕ್ಲಬ್ ಸೇರಿದ್ದು 1999ರಲ್ಲಿ. ಅಹ್ಮದ್ ಖಾನರ ತಲೆಮಾರಿಗೆ ಕಾಲಿನ ಬಲದಿಂದ ಬದುಕಬೇಕೆಂದರೆ ಹೋಗಬಹುದಾಗಿದ್ದ ಪರದೇಶ ಒಂದೇ. ಅದು ಕಲ್ಕತ್ತ.

ಅಲ್ಲಿಯೂ ಕಾಗದದ ಮೇಲೆ ಎಲ್ಲರೂ ಹವ್ಯಾಸಿಗಳೇ. ಆದರೆ ಆಟಗಾರನ ವಸತಿ, ಊಟ, ಕೈಖರ್ಚು, ಕೆಲವೊಮ್ಮೆ ನೌಕರಿ ಇವೆಲ್ಲವನ್ನೂ ಕ್ಲಬ್ಬುಗಳು ನೋಡಿಕೊಳ್ಳುತ್ತಿದ್ದವು. ಬೆಂಗಳೂರಿನ ಆಟಗಾರರಿಗೆ ಊರಿನಲ್ಲಿ ಮರ್ಯಾದೆ ಇತ್ತು, ವರಮಾನ ಇರಲಿಲ್ಲ. ಈಸ್ಟ್ ಬೆಂಗಾಲ್ ಕ್ಲಬ್ಬಿನ ಚುಕ್ಕಾಣಿ ಹಿಡಿದಿದ್ದ ಜ್ಯೋತಿಷ್ ಚಂದ್ರ ಗುಹಾ ಪ್ರತಿಭೆಯನ್ನು ಹುಡುಕಿ ತರುವುದರಲ್ಲಿ ಎತ್ತಿದ ಕೈ. ಅವರ ಕಣ್ಣು ದಕ್ಷಿಣದ ಮೇಲೆ ಬಿದ್ದಿತ್ತು. 1949ರಲ್ಲಿ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದರು. ಬೆಂಗಳೂರಿನ ಪೇಟೆಯೂ ದಂಡೂ ಒಂದೇ ನಗರಪಾಲಿಕೆಯ ಕೆಳಗೆ ಸೇರಿದ್ದೂ ಅದೇ ವರ್ಷ. ಊರು ಒಂದಾದ ಹೊತ್ತಿಗೆ ಊರಿನ ಮಗ ರೈಲು ಹತ್ತಿಯಾಗಿತ್ತು.

ಈಸ್ಟ್ ಬೆಂಗಾಲ್ ಅಂದು ಬರಿಯ ಕ್ಲಬ್ಬಾಗಿರಲಿಲ್ಲ. ದೇಶ ವಿಭಜನೆಯಾಗಿ ಎರಡೇ ವರ್ಷ ಕಳೆದಿತ್ತು. ಪೂರ್ವ ಪಾಕಿಸ್ತಾನವಾದ ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದ ಲಕ್ಷಾಂತರ ನಿರಾಶ್ರಿತರು ಕಲ್ಕತ್ತದ ರೈಲು ನಿಲ್ದಾಣಗಳಲ್ಲಿ, ಶಿಬಿರಗಳಲ್ಲಿ, ಹೊರವಲಯದ ಕಾಲನಿಗಳಲ್ಲಿ ಬದುಕು ಕಟ್ಟಿಕೊಳ್ಳುತ್ತಿದ್ದರು. ಕಳೆದುಕೊಂಡ ನಾಡಿನ ಹೆಸರನ್ನು ಹೊತ್ತು ನಿಂತಿದ್ದದ್ದು ಈ ಒಂದು ಫುಟ್ಬಾಲ್ ಕ್ಲಬ್. ಕೆಂಪು, ಹಳದಿ ಬಣ್ಣದ ಆ ತಂಡ ಗೆದ್ದ ದಿನ ಶಿಬಿರಗಳಲ್ಲಿ ಹಬ್ಬ.

ಆ ತಂಡದ ಮುನ್ಪಡೆಯಲ್ಲಿ ನಿಂತ ಐವರು ಪಿ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್ ಮತ್ತು ಸಾಲೆಹ್. ಐವರೂ ದಕ್ಷಿಣದವರು. ಅಪ್ಪಾರಾವ್ ಆಂಧ್ರದ ಕಾಕಿನಾಡದವರು, ಸಾಲೆಹ್ ಕೇರಳದ ಕೊಟ್ಟಾಯಂನವರು. ಬಂಗಾಳಿ ಭಾಷೆ ಐವರಲ್ಲಿ ಯಾರ ಮನೆಮಾತೂ ಅಲ್ಲ. ಆದರೂ ನಿರಾಶ್ರಿತರ ಆ ಜನಸಾಗರ ಅವರನ್ನು ಪಂಚ ಪಾಂಡವರು ಎಂದು ಕರೆಯಿತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮತದ ಹೆಸರಿನಲ್ಲಿ ನಾಡು ಒಡೆದು, ಅದೇ ಕಾರಣಕ್ಕೆ ಮನೆ ಕಳೆದುಕೊಂಡು ಬಂದವರು ಆ ಪ್ರೇಕ್ಷಕರು. ಅವರಲ್ಲಿ ಬಹುತೇಕರು ಹಿಂದೂಗಳು. 1950ರಲ್ಲಿ ಬಂಗಾಳದ ಗಡಿಯ ಎರಡೂ ಬದಿಯಲ್ಲಿ ಮತ್ತೆ ಗಲಭೆಗಳಾದವು, ಮತ್ತೆ ನಿರಾಶ್ರಿತರ ಪ್ರವಾಹ ಹರಿಯಿತು. ಅಂಥ ದಿನಗಳಲ್ಲಿ, ಕಲ್ಕತ್ತದಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಎಂಬ ಮುಸಲ್ಮಾನರ ಹೆಸರಾಂತ ಕ್ಲಬ್ ಬೇರೆಯೇ ಇರುವಾಗ, ಬೆಂಗಳೂರಿನ ಅಹ್ಮದ್ ಖಾನರೂ ಕೊಟ್ಟಾಯಂನ ಸಾಲೆಹ್‌ರೂ ಈಸ್ಟ್ ಬೆಂಗಾಲ್ ಅಂಗಿ ತೊಟ್ಟು ಆಡಿದರು. ಅವರಿಬ್ಬರನ್ನು ಸೇರಿಸಿಕೊಂಡೇ ಆ ಜನ ತಮ್ಮ ಐವರಿಗೆ ಮಹಾಭಾರತದ ಹೆಸರು ಇಟ್ಟರು. ಇದನ್ನು ಯಾವ ಸಮಿತಿಯೂ ನಿರ್ಣಯ ಮಾಡಿ ಕೊಟ್ಟದ್ದಲ್ಲ. ಬಿಸಿಲಲ್ಲಿ, ಮಳೆಯಲ್ಲಿ, ಸರತಿಯಲ್ಲಿ ನಿಂತು ಟಿಕೆಟ್ ಕೊಂಡವರು ಪ್ರೀತಿಯಿಂದ ಕೊಟ್ಟ ಹೆಸರು. ಆ ಕಾಲದ ಇತಿಹಾಸ ಬರೆಯುವವರು ಹಿಂಸೆಯ ಲೆಕ್ಕದ ಪಕ್ಕದಲ್ಲಿ ಇದನ್ನೂ ಬರೆದುಕೊಳ್ಳಬಹುದಿತ್ತು.

ಆ ಐವರ ಆಟ ಆ ಪ್ರೀತಿಗೆ ತಕ್ಕದ್ದೇ ಆಗಿತ್ತು. 1949ರ ಒಂದೇ ವರ್ಷದಲ್ಲಿ ಈಸ್ಟ್ ಬೆಂಗಾಲ್ ಕಲ್ಕತ್ತ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಶೀಲ್ಡ್ 1949, 1950, 1951ರಲ್ಲಿ ಸತತ ಮೂರು ಸಲ ಬಂತು. ಲೀಗ್ 1950ರಲ್ಲಿ, 1952ರಲ್ಲಿ ಮತ್ತೆ ದಕ್ಕಿತು. ದೆಹಲಿಯ ಡ್ಯುರಾಂಡ್ ಕಪ್ 1951, 1952ರಲ್ಲಿ. 1949ರಿಂದ 1953ರವರೆಗಿನ ಐದು ವರ್ಷಗಳಲ್ಲಿ ತಂಡ ಹೊಡೆದ 387 ಗೋಲುಗಳಲ್ಲಿ 260 ಈ ಐವರವೇ ಎಂದು ಕ್ಲಬ್ಬಿನ ಲೆಕ್ಕ ಹೇಳುತ್ತದೆ. ಧನರಾಜ್, ವೆಂಕಟೇಶ್ ಗೋಲು ಹೊಡೆಯುತ್ತಿದ್ದರೆ ಅದರ ಹಿಂದಿನ ಹೆಣಿಗೆ ಅನೇಕ ಸಲ ಅಹ್ಮದ್ ಖಾನರದ್ದಾಗಿರುತ್ತಿತ್ತು. ಎದುರಾಳಿಯೊಬ್ಬನನ್ನು ತನ್ನತ್ತ ಸೆಳೆದು, ಅವನ ಕಾಲು ಮೇಲೇಳುವಷ್ಟರಲ್ಲಿ ಚೆಂಡನ್ನು ಆಚೆಗೆ ಜಾರಿಸಿಬಿಡುವುದು ಅವರ ಆಟದ ಗುಟ್ಟು. ಬೂಟಿನ ಒದೆ ಬರಿಗಾಲಿಗೆ ಬಿದ್ದರೆ ಆಗುವ ಗತಿ ಗೊತ್ತಿದ್ದವರಿಗೆ ಈ ವೇಗ ಬಂದೇ ಬರುತ್ತದೆ ಎನ್ನಬಹುದು.

ಕ್ಲಬ್ಬಿನ ಈ ವೈಭವದ ನಡುವೆಯೇ ಭಾರತದ ಫುಟ್ಬಾಲ್ ದೊಡ್ಡದೊಂದು ಅವಕಾಶವನ್ನು ಕೈಚೆಲ್ಲಿತು. 1950ರ ವಿಶ್ವಕಪ್ ಬ್ರೆಜಿಲ್‌ನಲ್ಲಿ ನಡೆಯಲಿತ್ತು. ಇತರ ತಂಡಗಳು ಹಿಂದೆ ಸರಿದದ್ದರಿಂದ ಭಾರತಕ್ಕೆ ಸ್ಥಾನ ತಾನಾಗಿ ಒದಗಿತ್ತು. ಸ್ವೀಡನ್, ಇಟಲಿ, ಪರಾಗ್ವೆ ಇದ್ದ ಗುಂಪಿನಲ್ಲಿ ಆಡಬೇಕಿತ್ತು. ಆತಿಥೇಯರು ಪ್ರಯಾಣ ವೆಚ್ಚದ ಬಹುಭಾಗ ಭರಿಸಲೂ ಮುಂದಾಗಿದ್ದರು. ಆದರೂ ಭಾರತ ಹೋಗಲಿಲ್ಲ. ಬರಿಗಾಲಿಗೆ ಅನುಮತಿ ಸಿಗದ ಕಾರಣ ಹೋಗಲಿಲ್ಲವೆಂಬ ಕಥೆ ಬಹಳ ಕಾಲ ಚಲಾವಣೆಯಲ್ಲಿತ್ತು. ಹೇಳಲು, ಕೇಳಲು ಚೆನ್ನಾದ ಕಥೆ. ನಿಜಾಂಶವೆಂದರೆ ಅಂದಿನ ಆಡಳಿತಗಾರರ ಕಣ್ಣಿಗೆ ವಿಶ್ವಕಪ್ಪಿಗಿಂತ ಒಲಿಂಪಿಕ್ಸ್ ದೊಡ್ಡದಾಗಿ ಕಂಡಿತ್ತು. ದೀರ್ಘ ಸಮುದ್ರಯಾನ, ತಂಡದ ಆಯ್ಕೆ, ಅಭ್ಯಾಸದ ಕೊರತೆ ಎಂಬ ಕಾರಣಗಳೂ ಸೇರಿದವು. ಆಟಗಾರರ ಕಾಲಿನ ಮೇಲೆ ಹೊರೆ ಹೊರಿಸಿ ಕೈ ತೊಳೆದುಕೊಳ್ಳುವುದು ಸುಲಭವಾಯಿತು. ಅಹ್ಮದ್ ಖಾನ್ ಆಗ ಇಪ್ಪತ್ಮೂರರ ಹರೆಯದಲ್ಲಿ, ಆಟದ ಉತ್ತುಂಗದಲ್ಲಿದ್ದರು. ಆ ಅವಕಾಶ ಅವರಿಗೆ ಮತ್ತೆ ಬರಲಿಲ್ಲ. ಭಾರತಕ್ಕೂ ಬರಲಿಲ್ಲ.

1951ರ ಮಾರ್ಚಿನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ತರಬೇತುದಾರರು, ಶೈಲೇನ್ ಮನ್ನಾ ನಾಯಕರು. ಇಂಡೋನೇಷ್ಯಾವನ್ನು 3-0ರಿಂದ, ಅಫ್ಘಾನಿಸ್ತಾನವನ್ನು 3-0ರಿಂದ ಸೋಲಿಸಿದ ಭಾರತ ಅಂತಿಮ ಪಂದ್ಯದಲ್ಲಿ ಇರಾನನ್ನು ಸಾಹು ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಮಣಿಸಿ ಚಿನ್ನ ಗೆದ್ದಿತು. ಆ ತಂಡದಲ್ಲಿ ಅಹ್ಮದ್ ಖಾನರಿದ್ದರು. ಪರಿಚಿತ ಗಟ್ಟಿ ನೆಲ, ಪರಿಚಿತ ಬಿಸಿಲು, ಕಿಕ್ಕಿರಿದ ತಮ್ಮದೇ ಜನ. ಬರಿಗಾಲಿನ ಆಟಕ್ಕೆ ಇದಕ್ಕಿಂತ ಒಳ್ಳೆಯ ವೇದಿಕೆ ಬೇರೆ ಇಲ್ಲ.

ಮರುವರ್ಷದ ಹೆಲ್ಸಿಂಕಿ ಅದಕ್ಕೆ ತದ್ವಿರುದ್ಧ. ಉತ್ತರದ ತಂಪು ಹವೆ, ಮೆತ್ತನೆಯ ಹುಲ್ಲು, ಬಹುತೇಕ ಬರಿಗಾಲಿನ ತಂಡ. ಎದುರಿಗೆ ಯುಗೋಸ್ಲಾವಿಯಾ. ಬ್ರಾಂಕೊ ಜೆಬೆಚ್ ಒಬ್ಬರೇ ನಾಲ್ಕು ಗೋಲು ಹೊಡೆದರು. ರಾಯ್ಕೊ ಮಿತಿಚ್, ವುಕಾಸ್, ಒಗ್ನ್ಯಾನೊವ್ ತಲಾ ಎರಡು.

ಈ ಸೋಲಿನ ಬಗ್ಗೆ ಸ್ವದೇಶದಲ್ಲಿ ಆದ ಟೀಕೆ ಬಹುಮಟ್ಟಿಗೆ ಬೂಟಿನ ಸುತ್ತಲೇ ಸುತ್ತಿತು. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಎದುರಾಳಿ ಯಾರೆಂಬುದನ್ನೂ ನೋಡಬೇಕು. ಇದೇ ಯುಗೋಸ್ಲಾವಿಯಾ ಮುಂದಿನ ಸುತ್ತಿನಲ್ಲಿ ಸೋವಿಯತ್ ಒಕ್ಕೂಟದೊಂದಿಗೆ 5-5ರ ಸಮ ಸಾಧಿಸಿ, ಮರುಪಂದ್ಯದಲ್ಲಿ 3-1ರಿಂದ ಗೆದ್ದಿತು. ಡೆನ್ಮಾರ್ಕ್, ಪಶ್ಚಿಮ ಜರ್ಮನಿಗಳನ್ನು ಮಣಿಸಿತು. ಪುಷ್ಕಾಷ್ ಇದ್ದ ಹಂಗೆರಿಗೆ ಮಾತ್ರ ಅಂತಿಮ ಪಂದ್ಯದಲ್ಲಿ 2-0ರಿಂದ ಸೋತು ಬೆಳ್ಳಿ ಪಡೆಯಿತು. ಅಂಥ ತಂಡದ ವಿರುದ್ಧ ಭಾರತ ಇನ್ನೂ ಇಬ್ಬರೇ ಬ್ಯಾಕ್‌ಗಳ ಹಳೆಯ ಪದ್ಧತಿಯಲ್ಲಿ ನಿಂತಿತ್ತು. ಯುರೋಪಿನವರು ಮೂವರು ಬ್ಯಾಕ್‌ಗಳ ಪದ್ಧತಿಗೆ ಹೊರಳಿ ಎರಡು ದಶಕಗಳಾಗಿದ್ದವು. ಇನ್ನೊಂದು ಸಂಗತಿಯೂ ಇದೆ. ಭಾರತದ ದೇಶೀಯ ಪಂದ್ಯಗಳು ಅಂದು ಪೂರ್ತಿ 90 ನಿಮಿಷಗಳ ಪಂದ್ಯಗಳಾಗಿರಲಿಲ್ಲ. ವರ್ಷವಿಡೀ ಮೊಟಕು ಪಂದ್ಯ ಆಡಿದವರಿಗೆ ಒಲಿಂಪಿಕ್ಸ್‌ನಲ್ಲಿ ಕೊನೆಯ ಇಪ್ಪತ್ತು ನಿಮಿಷ ಬೇರೊಂದು ಆಟದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಇವೆಲ್ಲವೂ ಆಟಗಾರರ ಕೈಯಲ್ಲಿ ಇಲ್ಲದ ವಿಷಯಗಳು. ಅಹ್ಮದ್ ಖಾನರ ಗೋಲು ಬಂದದ್ದು ಅಂಥ ಕೊನೆಯ ನಿಮಿಷದಲ್ಲಿ, ಗೆಲ್ಲುವ ಆಸೆ ಯಾರಿಗೂ ಉಳಿದಿಲ್ಲದಿದ್ದಾಗ ಎಂಬುದನ್ನು ಗಮನಿಸಬೇಕು.

ಹೆಲ್ಸಿಂಕಿಯ ನಂತರ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ತರಬೇತುದಾರ ರಹೀಂ ಕೂಡ ಬೂಟಿನ ಪರವಾಗಿದ್ದರು. ನಿರ್ಧಾರ ಸರಿಯಾದದ್ದೇ. ಆದರೆ ಇಪ್ಪತ್ತು ವರ್ಷ ಬರಿಗಾಲಿನಲ್ಲಿ ಆಡಿ ಕಲಿತ ಕಲೆಯನ್ನು ಚರ್ಮದೊಳಗೆ ತುರುಕಿ ಮತ್ತೆ ಮೊದಲಿನಿಂದ ಕಲಿಯಬೇಕಾದವರ ಕಷ್ಟ ಆದೇಶದಲ್ಲಿ ಬರೆದಿರುವುದಿಲ್ಲ. ಎಷ್ಟೋ ಒಳ್ಳೆಯ ಆಟಗಾರರು ಆ ಒಂದೆರಡು ವರ್ಷಗಳಲ್ಲಿ ಮರೆಯಾದರು. ಅಹ್ಮದ್ ಖಾನ್ ಮರೆಯಾಗಲಿಲ್ಲ. 1954ರ ಮನಿಲಾ ಏಷ್ಯನ್ ಕ್ರೀಡಾಕೂಟದ ತಂಡದಲ್ಲಿಯೂ ಅವರ ಹೆಸರಿತ್ತು. ಭಾರತ ಅಲ್ಲಿ ಗುಂಪಿನ ಹಂತದಲ್ಲೇ ಹೊರಬಿತ್ತು.

ಇದರ ನಡುವೆ, 1953ರಲ್ಲಿ ಈಸ್ಟ್ ಬೆಂಗಾಲ್ ತಂಡ ರುಮೇನಿಯಾ ಮತ್ತು ಸೋವಿಯತ್ ಒಕ್ಕೂಟಗಳ ಪ್ರವಾಸ ಕೈಗೊಂಡಿತು. ಬುಖಾರೆಸ್ಟ್‌ನಲ್ಲಿ ವಿಶ್ವ ಯುವಜನೋತ್ಸವದ ಅಂಗವಾಗಿ ಪಂದ್ಯಗಳು, ಬಳಿಕ ಸೋವಿಯತ್ ನೆಲದಲ್ಲಿ. ಭಾರತದ ಕ್ಲಬ್ಬೊಂದು ಯುರೋಪಿನ ಆ ಭಾಗಕ್ಕೆ ಹೋದದ್ದು ಅಂದಿನ ಕಾಲಕ್ಕೆ ಅಪರೂಪದ ಸಂಗತಿ. ಮಾಸ್ಕೋದ ಟಾರ್ಪೆಡೊ ತಂಡದೊಡನೆ ಪಂದ್ಯ 3-3ರಲ್ಲಿ ಸಮವಾಯಿತು. ಬೇರೆ ಕಡೆ ದೊಡ್ಡ ಅಂತರದ ಸೋಲುಗಳೂ ಆದವು. ಕಲ್ಕತ್ತದಲ್ಲಿ ಪಾಂಡವರೆನಿಸಿದವರು ಅಲ್ಲಿ ತಮ್ಮ ಆಟದ ನಿಜವಾದ ತೂಕವನ್ನು ಕಂಡುಕೊಂಡರು. ಕೈಚಳಕದಲ್ಲಿ, ಕ್ಷಮಿಸಿ, ಕಾಲ್ಚಳಕದಲ್ಲಿ ಕೊರತೆಯಿರಲಿಲ್ಲ. ದಮ್ಮು, ಮೈಕಟ್ಟು, ಯೋಜನೆಗಳಲ್ಲಿ ಇತ್ತು. ಆ ಐವರ ಜೊತೆಯಾಟ ಕೊನೆಗೊಂಡದ್ದೂ ಆ ವರ್ಷವೇ.

ಅಹ್ಮದ್ ಖಾನ್ ಮಾತ್ರ ಈಸ್ಟ್ ಬೆಂಗಾಲ್‌ನಲ್ಲಿ ಇನ್ನೂ ಹಲವು ವರ್ಷ ಉಳಿದರು. ಒಟ್ಟು ಸುಮಾರು ಒಂದು ದಶಕ ಒಂದೇ ಕ್ಲಬ್ಬಿನ ಅಂಗಿ. ಹೆಚ್ಚು ಹಣ ಕಂಡಲ್ಲಿಗೆ ಆಟಗಾರರು ಹಾರುವ ಪದ್ಧತಿ ಕಲ್ಕತ್ತದಲ್ಲಿ ಆಗಲೇ ಇತ್ತು ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ. ಕಲ್ಕತ್ತದಲ್ಲಿ ಅವರ ಜಾಡಿನಲ್ಲಿ ಬೆಂಗಳೂರಿನಿಂದ ಇನ್ನೂ ಅನೇಕರು ಹೋದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ನಾಲ್ಕನೇ ಸ್ಥಾನಕ್ಕೇರಿದಾಗ ಹಾಫ್ ಸಾಲಿನಲ್ಲಿ ಮೈಸೂರು ರಾಜ್ಯದ ಕೆಂಪಯ್ಯ ಇದ್ದರು. ಆಗ ಎಲ್ಲರ ಕಾಲಲ್ಲೂ ಬೂಟು. ಅಹ್ಮದ್ ಖಾನರ ಒಲಿಂಪಿಕ್ ದಿನಗಳು ಅಷ್ಟರಲ್ಲಿ ಮುಗಿದಿದ್ದವು.

ಆಟ ಬಿಟ್ಟ ಮೇಲೆ ಅವರು ಬೆಂಗಳೂರಿಗೆ ಮರಳಿದರು. ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ಫುಟ್ಬಾಲಿನಲ್ಲಿ ಅದು ಮೊದಲು ಸಂದದ್ದು ಪಿ.ಕೆ. ಬ್ಯಾನರ್ಜಿಯವರಿಗೆ. ಅದಕ್ಕೆ ಮುಂಚೆ ಆಡಿ ಮುಗಿಸಿದ್ದ ತಲೆಮಾರು ಪಟ್ಟಿಯ ಹೊರಗೇ ಉಳಿಯಿತು. ಲಂಡನ್ನಿನಲ್ಲಿ ನಾಯಕರ ಜೊತೆಗಿದ್ದ ಮನ್ನಾ ಅವರಿಗೆ 1971ರಲ್ಲಿ ಪದ್ಮಶ್ರೀ ದೊರೆಯಿತು. ರಾಮನ್, ಅಹ್ಮದ್ ಖಾನರಂಥವರಿಗೆ ಊರಿನ ಹಳೆಯ ಆಟಗಾರರ ಗೌರವವೇ ಪ್ರಶಸ್ತಿ. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಎರಡು ಫುಟ್ಬಾಲ್ ಗೋಲುಗಳನ್ನು ಹೊಡೆದ ಇಬ್ಬರೂ ಒಂದೇ ನಗರದವರು ಎಂಬ ಸಂಗತಿಯನ್ನು ಆ ನಗರದ ಶಾಲಾಪುಸ್ತಕಗಳಲ್ಲಿ ಹುಡುಕಿದರೆ ಸಿಗುವುದು ಅನುಮಾನ.

ಅಷ್ಟರಲ್ಲಿ ಬೆಂಗಳೂರೂ ಬದಲಾಗುತ್ತಿತ್ತು. ಪಲ್ಟನ್‌ಗಳ ಮೈದಾನಗಳು ಕಿರಿದಾದವು. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇಯಂಥ ಸಂಸ್ಥೆಗಳ ತಂಡಗಳು ಆಟಗಾರರಿಗೆ ನೌಕರಿ ಕೊಟ್ಟು ಉಳಿಸಿಕೊಳ್ಳಲು ಆರಂಭಿಸಿದವು; ಕಲ್ಕತ್ತದ ರೈಲು ಹತ್ತದೆಯೂ ಫುಟ್ಬಾಲಿನಿಂದ ಬದುಕಬಹುದೆಂಬ ದಾರಿ ತೆರೆಯಿತು. ಮೈಸೂರು ತಂಡ 1967-68, 1968-69ರಲ್ಲಿ ಸತತ ಎರಡು ಸಲ ಸಂತೋಷ್ ಟ್ರೋಫಿ ಗೆದ್ದದ್ದು ಈ ಅವಧಿಯಲ್ಲೇ. ಆಮೇಲೆ ಕ್ರಿಕೆಟ್ಟಿನ ಅಲೆ ಎಲ್ಲವನ್ನೂ ಮುಚ್ಚಿತು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ ಅಂತಿಮ ಪಂದ್ಯದವರೆಗೆ ಹೋದಾಗ ಕಂಠೀರವ ಕ್ರೀಡಾಂಗಣದಲ್ಲಿ ನೀಲಿ ಅಂಗಿ ತೊಟ್ಟು ಕೂಗಿದ ಸಾವಿರಾರು ತರುಣರಿಗೆ, ತಮ್ಮದೇ ಊರಿನಲ್ಲಿ ಒಬ್ಬ ಒಲಿಂಪಿಕ್ ಗೋಲುಗಾರ ಇನ್ನೂ ಬದುಕಿದ್ದಾರೆ ಎಂಬುದು ತಿಳಿದಿತ್ತೋ ಇಲ್ಲವೋ.

2017ರ ಆಗಸ್ಟ್ 27ರಂದು ಅಹ್ಮದ್ ಖಾನ್ ಬೆಂಗಳೂರಿನಲ್ಲಿ ನಿಧನ ಹೊಂದಿದರು. ವಯಸ್ಸು ತೊಂಬತ್ತು. ಕಲ್ಕತ್ತದಲ್ಲಿ ಹಳೆಯ ಕಾಲದವರು ಆ ದಿನ ಮತ್ತೆ ಐವರ ಹೆಸರು ಹೇಳಿಕೊಂಡರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್, ಸಾಲೆಹ್.